ಸೂತ್ರದ ಟೀಚರ್

ಶಾಲೆಯಲ್ಲಿ ಎಲ್ಲರೂ ಅವರನ್ನು ಸೂತ್ರದ ಟೀಚರ್ ಎಂದೇ ಕರೆಯುತ್ತಿದ್ದರು. ಹುಡುಗಿಯಾಗಿದ್ದಾಗ ಭೌತಶಾಸ್ತ್ರದಲ್ಲಿ ಫೇಲಾಗಿ ಮೂಲೆ ಹಿಡಿದು ಅತ್ತವರು ಇವರೇ ಎಂದರೆ ಯಾರೂ ನಂಬುತ್ತಿರಲಿಲ್ಲ. ಆಗ ಅಕ್ಕ ಹೇಳಿಕೊಟ್ಟ ಉಪಾಯ ಕೈ ಹಿಡಿದಿತ್ತು: ಕೊಟ್ಟ ಸಂಖ್ಯೆಗಳನ್ನು ಪಟ್ಟಿ ಮಾಡು, ಅವೆಲ್ಲ ಕೂರುವ ಸೂತ್ರ ಹುಡುಕು, ಒಂದು ಸಂಖ್ಯೆಯನ್ನೂ ಬಿಡಬೇಡ. ಅದನ್ನೇ ಇಪ್ಪತ್ತೊಂದು ವರ್ಷ ಹತ್ತನೇ ತರಗತಿಗೆ ಅರೆದು ಕುಡಿಸಿದರು. ಮಕ್ಕಳು ಪಾಸಾಗುತ್ತಲೂ ಬಂದರು, ಸುಳ್ಳು ಹೇಳಬಾರದು.

ಆ ದಿನ ತಪಾಸಣೆಗೆ ಬಂದ ಅಧಿಕಾರಿ ಬಾಗಿಲಲ್ಲೇ ತಡೆದು ಹೇಳಿದರು: "ನಿಮ್ಮ ಮಕ್ಕಳು ಗುಣಿಸ್ತಾರೆ, ಯೋಚನೆ ಮಾಡಲ್ಲ ಅಂತ ದೂರು ಬಂದಿದೆ. ಒಂದೇ ಪ್ರಶ್ನೆ ಕೊಡ್ತೀನಿ. ಅರ್ಧ ಮಕ್ಕಳಾದ್ರೂ ಸರಿ ಬರೆದ್ರೆ ಈ ತರಗತಿ ನಿಮಗೇ. ಇಲ್ಲಾಂದ್ರೆ ಸೋಮವಾರದಿಂದ ಬೇರೆಯವರು ತಗೋತಾರೆ. ನೀವು ಉತ್ತರದ ಬಗ್ಗೆ ತುಟಿ ಬಿಚ್ಚಬಾರದು."

ಹಲಗೆಯ ಮೇಲೆ ಅವರೇ ಬರೆದರು. ಐದು ಕಿಲೋ ಚೀಲವನ್ನು ನೆಲದಿಂದ ಒಂದು ಮೀಟರ್ ಎತ್ತರದಲ್ಲಿ, ಹತ್ತು ಸೆಕೆಂಡು, ಒಂದಿಷ್ಟೂ ಅಲುಗದಂತೆ ಹಿಡಿದು ನಿಂತರೆ ಆ ಹೊತ್ತಿನಲ್ಲಿ ಚೀಲದ ಮೇಲೆ ನಡೆದ ಕೆಲಸ ಎಷ್ಟು?

ಟೀಚರ್‌ಗೆ ಉತ್ತರ ಕೂಡಲೇ ಹೊಳೆಯಿತು. ಚೀಲ ಚಲಿಸಿಲ್ಲ, ಭೌತಶಾಸ್ತ್ರದ ಪ್ರಕಾರ ಕೆಲಸ ಸೊನ್ನೆ. ಆದರೆ ಆಗಲೇ ಮೂವತ್ತೊಂದು ಪೆನ್ನುಗಳು ಮೂರು ಸಂಖ್ಯೆಗಳನ್ನು ಪಟ್ಟಿ ಮಾಡಿ ಸೂತ್ರದ ಬೇಟೆಗೆ ಹೊರಟಿದ್ದವು. ಒಬ್ಬರಾದರೂ ಪ್ರಶ್ನೆಯನ್ನು ಎರಡನೇ ಸಲ ಓದಲಿಲ್ಲ. ತಾನು ಕಲಿಸಿದ್ದನ್ನೇ ಮಕ್ಕಳು ಅಷ್ಟು ಶ್ರದ್ಧೆಯಿಂದ ಮಾಡುತ್ತಿದ್ದರು.

ಲೆಕ್ಕಕ್ಕೆ ಇಳಿಯದೆ ಉಳಿದಿದ್ದವಳು ಕೊನೆಯ ಬೆಂಚಿನ ಆಮೆ ಒಬ್ಬಳೇ. ಯಾವ ಲೆಕ್ಕವನ್ನೂ ಹೊತ್ತಿಗೆ ಸರಿಯಾಗಿ ಮುಗಿಸದ ಅವಳಿಗೆ ಆ ಹೆಸರಿಟ್ಟವರೂ ಟೀಚರೇ. ಅವಳು ಕಾಗದದ ಮೇಲೆ ಏನೋ ಚಿಕ್ಕದಾಗಿ ಬರೆದು, ಎದ್ದು ನಿಂತು, ತನ್ನ ಪುಸ್ತಕದ ಚೀಲವನ್ನು ಎತ್ತಿ ಹಿಡಿದು ಅದನ್ನೇ ನೋಡುತ್ತಿದ್ದಳು.

"ಏನಮ್ಮಾ, ಎಲ್ಲರೂ ಮುಗಿಸ್ತಾ ಬಂದ್ರು. ಕೂತು ಲೆಕ್ಕ ಮಾಡು."

ಇಪ್ಪತ್ತೊಂದು ವರ್ಷದ ಅಭ್ಯಾಸ, ಮಾತು ಟೀಚರ್ ಬಾಯಿಂದ ಜಾರಿಬಿಟ್ಟಿತ್ತು. ಹುಡುಗಿ ಏನು ಮಾಡುತ್ತಿದ್ದಳೆಂದು ಹೊಳೆಯುವಷ್ಟರಲ್ಲಿ ಅವಳು ಕೂತಾಗಿತ್ತು, ಪೆನ್ನು ಓಡತೊಡಗಿತ್ತು. ನಿಲ್ಲಿಸು ಎಂದರೆ ಉತ್ತರ ಹೇಳಿಕೊಟ್ಟಂತೆ. ಅಧಿಕಾರಿ ಇವರ ಮುಖವನ್ನೇ ನೋಡುತ್ತಿದ್ದರು. ಟೀಚರ್ ಮುಷ್ಟಿಯೊಳಗಿನ ಸೀಮೆಸುಣ್ಣ ಎರಡು ತುಂಡಾಯಿತು.

ಕಾಗದಗಳು ಬಂದವು. ಉತ್ತರಗಳು ಐವತ್ತು, ಐದು, ಐನೂರು. ಕೊನೆಯದು ಆಮೆಯದು. ಮೇಲೆ ಪುಟ್ಟದಾಗಿ "ಸೊನ್ನೆ, ಚೀಲ ಅಲುಗಿಲ್ಲ" ಎಂದಿತ್ತು. ಅದರ ಮೇಲೆ ಅಡ್ಡಗೆರೆ. ಕೆಳಗೆ ಗುಣಿಸಿ ಭಾಗಿಸಿದ ಉದ್ದನೆಯ ಲೆಕ್ಕ.

"ಇದನ್ನ ಯಾಕೆ ಹೊಡೆದುಹಾಕ್ದೆ?" ಟೀಚರ್ ಕೇಳಿದರು.

"ಸೊನ್ನೆ ಬರೆದ್ರೆ ಮೂರು ಸಂಖ್ಯೆನೂ ಹಾಗೇ ಉಳೀತಿತ್ತು ಟೀಚರ್. ಒಂದನ್ನೂ ಬಿಡಬಾರ್ದು ಅಂತ ನೀವೇ ಹೇಳಿದ್ರಲ್ಲ."

ಅಧಿಕಾರಿ ಪೆನ್ನು ತೆರೆದು ಕೇಳಿದರು, "ಎಷ್ಟು ಸರಿ?"

"ಒಂದು ಇತ್ತು ಸರ್," ಎಂದರು ಟೀಚರ್. "ಅದನ್ನೂ ನಾನೇ ಹೊಡೆದುಹಾಕಿಸಿದೆ."