ಬೇಲಿಯೊಳಗಿನ ಗಾಣಗಳು

೧೯೬೪ರ ಜೂನ್ ೧೨, ಶುಕ್ರವಾರ. ಆಧಾರ: ಪುರಸಭೆಯ ನೋಟೀಸಿನ ಮೂಲಪ್ರತಿ, ಇಂದಿಗೂ ನನ್ನ ಬಳಿಯಿದೆ. ವಾರವನ್ನು ಆ ವರ್ಷದ ಪಂಚಾಂಗದೊಂದಿಗೆ ತಾಳೆ ನೋಡಿದ್ದೇನೆ. ಸಂವತ್ಸರದ ಹೆಸರು ಕ್ರೋಧಿ. ನನ್ನ ಸೋದರತ್ತೆಯ ಮಟ್ಟಿಗೆ ಆ ಹೆಸರಿನಲ್ಲಿ ಏನೂ ಅತಿಶಯೋಕ್ತಿಯಿರಲಿಲ್ಲ.

ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಮಾವ ತೀರಿಕೊಂಡ ಮೇಲೆ ಅತ್ತೆ ಅಲ್ಲಿ ಅವರ ವರ್ಕ್‌ಶಾಪನ್ನು ನಡೆಸುತ್ತಿದ್ದರು. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರೂ ಸೀಮೆಗಳ ಆಲೆಮನೆಗಳಲ್ಲಿ ಕಬ್ಬು ಅರೆಯುವ ಕಬ್ಬಿಣದ ಗಾಣಗಳು ರಿಪೇರಿಗೆ ಅಲ್ಲಿಗೇ ಬರುತ್ತಿದ್ದವು. ಬೆಲ್ಲದ ಕೆಲಸ ಮುಗಿದ ಮೇಲೆ ರೈತರು ಗಾಣವನ್ನು ಗಾಡಿಯಲ್ಲಿ ತಂದು ಅತ್ತೆಯ ಅಂಗಳದಲ್ಲಿ ಇಳಿಸುವರು. ಮಳೆಗಾಲ ಕಳೆದು, ಹಲ್ಲುಚಕ್ರ ಸರಿಯಾದ ಮೇಲೆ ಒಯ್ಯುವರು. ಅಂಗಳವಿಲ್ಲದೆ ವರ್ಕ್‌ಶಾಪ್ ಇಲ್ಲ.

ಆ ಶುಕ್ರವಾರ ಬಂದ ನೋಟೀಸು ಇಂಗ್ಲಿಷಿನಲ್ಲಿತ್ತು. ಕಾಲೇಜಿನ ರಜೆಗೆ ಬಂದಿದ್ದ ನಾನು ಅದನ್ನು ಕನ್ನಡದಲ್ಲಿ ಹೇಳಿದೆ: ಕೈಗಾರಿಕೆಯ ಜಾಗದಲ್ಲಿ ಯಂತ್ರಗಳನ್ನು ಬಯಲಲ್ಲಿ ಇಡುವುದಾದರೆ ಸುತ್ತಲೂ ಏಳಡಿ ಎತ್ತರದ ಆವರಣವಿರಬೇಕು, ರಸ್ತೆಗೆ ಯಂತ್ರ ಕಾಣಬಾರದು. ಇಲ್ಲವಾದರೆ ತೆರವುಗೊಳಿಸಬೇಕು, ಲೈಸೆನ್ಸ್ ನವೀಕರಣವಾಗದು.

"ಗಾಣ ಕಂಡ್ರೆ ಯಾರಿಗೆ ಎಂತ ಆಗ್ತದೆ?" ಎಂದರು ಅತ್ತೆ.

"ಊರು ಚಂದ ಕಾಣಲ್ವಂತೆ."

"ಬೆಲ್ಲ ತಿನ್ನೋವಾಗ ಚಂದ ಕಾಣ್ತದಾ?"

ಮೃಗಶಿರ ಮಳೆ ಹಿಡಿದಿತ್ತು. ಆ ಮಳೆಯಲ್ಲಿ ಗೋಡೆ ಎಬ್ಬಿಸುವ ಹುಚ್ಚು ನಮ್ಮಲ್ಲಿ ಯಾರಿಗೂ ಇರಲಿಲ್ಲ. ಇಟ್ಟ ಕಲ್ಲಿನಡಿಯ ಮಣ್ಣು ಸಂಜೆಯೊಳಗೆ ಚರಂಡಿಯಲ್ಲಿರುತ್ತಿತ್ತು. ಅತ್ತೆ ತಮಗೆ ತಿಳಿದದ್ದನ್ನು ಮಾಡಿದರು. ಪ್ರತಿ ವರ್ಷದಂತೆ ಗಾಣಗಳ ಸಾಲಿನ ಸುತ್ತ ಕಂಬ ನೆಟ್ಟು, ಮೇಲೆ ಅಡಿಕೆ ಗರಿಯ ಸೋಗೆ ಹೊದಿಸಿದರು. ಈ ಸಲ ರಸ್ತೆಯ ಕಡೆಗೆ ಸೋಗೆಯನ್ನು ನೆಲದವರೆಗೂ ಇಳಿಬಿಟ್ಟರು. ಮಳೆಗೂ ಆಯಿತು, ಮರೆಗೂ ಆಯಿತು ಎಂದು ನಾವೆಲ್ಲ ತೃಪ್ತರಾದೆವು.

ಅದೇ ತಪ್ಪಾಯಿತು. ಪುರಸಭೆಯ ಇನ್‌ಸ್ಪೆಕ್ಟರು ಬಯಲುಸೀಮೆಯವರು, ಸಭ್ಯರು. ಕೊಡೆ ಹಿಡಿದು ಬಂದು ಸೋಗೆಯನ್ನು ಎತ್ತಿ ನೋಡಿದರು.

"ಅಮ್ಮಾ, ಇದಕ್ಕೆ ಕಂಬ ಇದೆ, ಸೂರು ಇದೆ. ಅಂದ್ರೆ ಕಟ್ಟಡ. ಪರವಾನಗಿ ಇಲ್ಲದೆ ಕಟ್ಟಡ ಕಟ್ಟೋ ಹಾಗಿಲ್ಲ."

"ಮೊನ್ನೆ ಬಯಲಲ್ಲಿ ಇಟ್ಟಿದೀರಿ ಅಂದ್ರಿ. ಇವತ್ತು ಕಟ್ಟಡ ಅಂತೀರಿ. ನಾಳೆ ಬಂದು ಇದು ದೇವಸ್ಥಾನ, ಚಪ್ಪಲಿ ಬಿಟ್ಟು ಬನ್ನಿ ಅಂತೀರಾ ಸ್ವಾಮಿ?"

ಅವರು ನಕ್ಕರು. ಆದರೆ ಕಾಯಿದೆ ನಗಲಿಲ್ಲ. ಸೋಗೆ ಇಳಿಸಬೇಕಾಯಿತು. ಕೆಲಸದವರು ಹೊನ್ನೆ ಎಣ್ಣೆಯಲ್ಲಿ ಚಿಂದಿ ಅದ್ದಿ ಗಾಣಗಳಿಗೆ ತುಕ್ಕು ಹಿಡಿಯದಂತೆ ಬಳಿದರು. ಅತ್ತೆ ಆ ರಾತ್ರಿ ಉಣ್ಣಲಿಲ್ಲ. ಗಾಣ ಇಡಲು ಜಾಗವಿಲ್ಲವೆಂದರೆ ರೈತರು ಶಿವಮೊಗ್ಗದ ದಾರಿ ಹಿಡಿಯುತ್ತಾರೆ, ಮತ್ತೆ ಮರಳುವುದಿಲ್ಲ. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಬೆಳಿಗ್ಗೆ ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಆವರಣ ಯಾವುದ್ರಲ್ಲಿ ಮಾಡಬೇಕು ಅಂತ ಬರ್ದಿದಾರಾ?"

ಮತ್ತೊಮ್ಮೆ ಓದಿದೆ. ಬರೆದಿರಲಿಲ್ಲ.

ಅಂದೇ ಹಾಲವಾಣದ ಮರದಿಂದ ಗೂಟ ಕಡಿಸಿ ತರಿಸಿದರು. ಮಳೆ ಹಿಡಿದ ಮೇಲೆ ನೆಟ್ಟ ಹಾಲವಾಣ ಚಿಗುರುತ್ತದೆಂಬುದು ಬೇಲಿ ಕಟ್ಟುವ ಯಾರಿಗೂ ಹೊಸದಲ್ಲ. ಒಂದೊಂದೂ ಏಳಡಿ ನೆಲದ ಮೇಲೆ ಉಳಿಯುವಂತೆ ಒತ್ತಾಗಿ ನೆಟ್ಟೆವು, ಸಂದಿಗೆ ಲಕ್ಕಿ ಗಿಡದ ಕಡ್ಡಿ ಊರಿದೆವು. ಜೂನ್ ಕೊನೆಯಲ್ಲಿ ಇನ್‌ಸ್ಪೆಕ್ಟರು ಮತ್ತೆ ಬಂದಾಗ ಕಂಡದ್ದು ಬೋಳು ಗೂಟಗಳ ಸಾಲು, ಅದರ ಹಿಂದೆ ಎಣ್ಣೆ ಮಿನುಗುವ ಗಾಣಗಳು.

"ಎಲ್ಲಾ ಕಾಣ್ತಿದೆಯಲ್ಲಮ್ಮ."

"ಈಗ ಕಾಣ್ತದೆ."

"ಇದು ಬರೀ ಗೂಟ."

"ನಿಮ್ಮ ಕಾಯ್ದೇಲಿ ಎತ್ತರ ಬರ್ದಿದೆ. ಜೀವ ಇರಬಾರ್ದು ಅಂತ ಎಲ್ಲಿ ಬರ್ದಿದೆ, ತೋರ್ಸಿ. ಗಾಣ ನಾನು ಎತ್ಸಲ್ಲ. ಬೇಕಾದ್ರೆ ಜನ ಕರ್ಕಂಬಂದು ನೀವೇ ಎತ್ಸಿ. ನಮ್ಮ ಹುಡುಗ್ರು ಯಾರೂ ಕೈ ಹಾಕಲ್ಲ."

ಅವರು ಪುಸ್ತಕದಲ್ಲಿ ಏನೋ ಬರೆದುಕೊಂಡು ಹೋದರು. ನಾವು ದಿನವೂ ತೆರವಿನ ಲಾರಿಯನ್ನು ನಿರೀಕ್ಷಿಸುತ್ತ ಕುಳಿತೆವು. ಲಾರಿಯ ಸದ್ದಾದರೆ ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದು ಗಾಣಕ್ಕೆ ಒರಗಿ ನಿಲ್ಲುವರು. ಪುಷ್ಯ ಮಳೆಯ ಹೊತ್ತಿಗೆ, ಅಂದರೆ ಜುಲೈ ಕೊನೆಯಲ್ಲಿ, ಹಾಲವಾಣದ ಎಲೆ ಲಕ್ಕಿಯ ಎಲೆಗೆ ಕೂಡಿ ಬೇಲಿ ಹಸಿರು ಗೋಡೆಯಾಯಿತು. ಇನ್‌ಸ್ಪೆಕ್ಟರು ಆಗ ಬಂದು ರಸ್ತೆಯಲ್ಲೇ ನಿಂತದ್ದು ನನಗೆ ಸ್ಪಷ್ಟವಾಗಿ ನೆನಪಿದೆ.

"ಗಾಣ ಇದೆಯೋ, ಕಳಿಸಿದ್ರೋ?"

"ಅಲ್ಲಿಂದ್ಲೇ ನೋಡಿ ಹೇಳಿ ಸ್ವಾಮಿ," ಎಂದರು ಅತ್ತೆ ಬೇಲಿಯ ಒಳಗಿನಿಂದ.

ಅವರು ಹೊರಟುಹೋದರು. ಆ ವರ್ಷ ಲೈಸೆನ್ಸ್ ಬಂತು. ಗೆದ್ದದ್ದು ಬೇಲಿ ಎಂದೇ ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ, ನಾನೂ ಹೇಳಿದ್ದೇನೆ.

ನಿವೃತ್ತನಾದ ಮೇಲೆ ಪುರಸಭೆಯ ಹಳೆಯ ನಡವಳಿ ಪುಸ್ತಕವನ್ನು ನೋಡುವ ಅವಕಾಶ ಸಿಕ್ಕಿತು. ಅದರಲ್ಲಿ ಇನ್‌ಸ್ಪೆಕ್ಟರ ವರದಿಯ ಸಾರಾಂಶವಿದೆ: ಸ್ಥಳ ಪರಿಶೀಲಿಸಲಾಯಿತು, ಆವರಣ ಪೂರ್ಣಗೊಂಡಿದೆ, ಯಂತ್ರಗಳು ರಸ್ತೆಗೆ ಕಾಣುವುದಿಲ್ಲ, ಕ್ರಮ ಕೈಬಿಡಬಹುದು. ವರದಿಯ ತಿಂಗಳು ಜೂನ್. ಜುಲೈ ಭೇಟಿಯ ಪ್ರಸ್ತಾಪ ಎಲ್ಲಿಯೂ ಇಲ್ಲ. ಪುಟವನ್ನು ಎರಡು ಬಾರಿ ಪರೀಕ್ಷಿಸಿದ್ದೇನೆ, ತಿದ್ದುಪಡಿಯ ಗುರುತಿಲ್ಲ. ಜೂನಿನಲ್ಲಿ ಆ ಗೂಟಗಳ ಮೇಲೆ ಒಂದು ಎಲೆಯೂ ಇರಲಿಲ್ಲ.