ಒಂದು ‘ರಿ’ ಬಿಟ್ಟುಹೋದದ್ದಕ್ಕೆ

ಒಂದೇ ಒಂದು ‘ರಿ’ ಬಿಟ್ಟುಹೋದದ್ದಕ್ಕೆ ನನ್ನ ಗಂಡ, ಮಕ್ಕಳು, ಅತ್ತೆ ಎಲ್ಲರೂ ಮನೆಯಿಂದ ಹೊರಬಿದ್ದರು. (ಗಾಬರಿಯಾಗಬೇಡಿ, ಕಾಗದದ ಮೇಲೆ.)

ಮುಗದ ಎಂಬ ಹಳ್ಳಿಯ ಹತ್ತಿರ ಬರಹಗಾರರಿಗೊಂದು ಬೇಸಿಗೆ ಶಿಬಿರವಿತ್ತು. ಊಟ, ವಸತಿ ಎಲ್ಲ ಅಲ್ಲೇ. ಧಾರವಾಡದ ಸಪ್ತಾಪುರದ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹೋಗಿಬರುವಷ್ಟೇ ದೂರ. ಆದರೂ ಬ್ಯಾಗ್ ತುಂಬುವಾಗ ವಿಮಾನ ಹತ್ತುವ ಸಂಭ್ರಮ. ಮದುವೆಯಾದ ಮೇಲೆ ನಾನು ಒಬ್ಬಳೇ ಎಲ್ಲಿಗೆ ಹೋಗಿದ್ದೆ?

ಮೊದಲ ಮಧ್ಯಾಹ್ನ, ಮೈಸೂರು ಕಡೆಯ ಮೇಷ್ಟ್ರು ಬೋರ್ಡಿನ ಮೇಲೆ ‘ಬರಿ ಮನೆ’ ಎಂದು ಗೀಚಿ ಹೊರಟುಹೋದರು. ಮನೆಯ ಬಗ್ಗೆ ಬರಿ ಎಂದು ಅವರ ಅರ್ಥ. ಧಾರವಾಡದವಳ ತಲೆಗೆ ಅದು ಹೊಳೆಯಬೇಕಲ್ಲ? ನಮ್ಮಲ್ಲಿ ಬೀಗರ ಮನೆಯ ಕೂಸಿಗೂ ‘ಬರ್ರಿ, ಕುಂದರ್ರಿ’ ಎನ್ನುತ್ತೇವೆ. ಕೂದಲು ನೆರೆತವಳಿಗೆ ಯಾರಾದರೂ ‘ಬರಿ’ ಎನ್ನುತ್ತಾರೆಯೇ? ‘ಬರೀರಿ’ ಎನ್ನಬೇಕು. ಗೌರವದ ಆ ‘ರಿ’ ಇಲ್ಲವೆಂದರೆ ಇದು ಬರಿಗೈ, ಬರಿಗಾಲು ಇದ್ದ ಹಾಗೆ ಬರಿ ಮನೆ, ಅಂದರೆ ಯಾರೂ ಇಲ್ಲದ ಮನೆ ಅಂದುಕೊಂಡೆ.

ಹುಣಸೆ ಮರದ ನೆರಳಲ್ಲಿ ಪೆನ್ನು ಹಿಡಿದು ಕೂತೆ. ಅರ್ಧ ನಿದ್ದೆ, ಅರ್ಧ ಎಚ್ಚರ. ಆ ಮಂಪರಿನಲ್ಲೇ ನಮ್ಮ ಮನೆಯ ಬಾಗಿಲು ತೆರೆದು ಒಳಗೆ ಹೋದೆ. ಟಿವಿ ಸದ್ದಿಲ್ಲ. ‘ನನ್ನ ಚಷ್ಮಾ ಎಲ್ಲೈತಿ?’ ಎಂಬ ಕೂಗೂ ಇಲ್ಲ. ಪರದೆ ಸುಮ್ಮನೆ ಅಲುಗುತ್ತಿತ್ತು. ತಣ್ಣನೆಯ ಫರಸಿ ನೆಲದ ಮೇಲೆ ಅಂಗಾತ ಮಲಗಿದೆ. ಯಾರೂ ಕರೆಯಲಿಲ್ಲ. ಎಷ್ಟು ಹಾಯೆನಿಸಿತೆಂದರೆ, ಬರೆಯುತ್ತ ಬರೆಯುತ್ತ ಅತ್ತುಬಿಟ್ಟೆ.

ಉಳಿದವರೆಲ್ಲ ಅಜ್ಜಿ, ಅಂಗಳ, ಹೋಳಿಗೆ ಅಂತ ಬರೆದಿದ್ದರು. ಮೇಷ್ಟ್ರು ನನ್ನದನ್ನು ಓದಿದರು. ಬೋರ್ಡಿನ ಫಜೀತಿ ಗೊತ್ತಾಗಿ ನಕ್ಕರು. ಆಮೇಲೆ, “ಸಮಾರೋಪದಲ್ಲಿ ಇದನ್ನೇ ಓದಿ ಮೇಡಂ. ಎಲ್ಲರ ಮನೆಯವರೂ ಬರ್ತಾರೆ” ಎಂದರು.

ನನ್ನ ಕಡೆಯಿಂದ ಬರುವವರು ನಮ್ಮ ಯಜಮಾನರು. ಇಷ್ಟು ವರ್ಷ ಜೊತೆಗೆ ಬಾಳಿದ ಮನುಷ್ಯನ ಎದುರು ‘ನೀವಿಲ್ಲದ ಮನೆ ಎಷ್ಟು ಚಂದ’ ಎಂದು ಮೈಕಿನಲ್ಲಿ ಓದುವುದೇ? ಅವರಿಗೆ ನೋವಾದರೆ? (ಆಗದಿದ್ದರೆ ಇನ್ನೂ ಕಷ್ಟ!)

ರೂಮಿನ ಜೊತೆಗಾತಿ ಮೆಹಬೂಬಿಯವರಿಗೆ ಅತ್ತದ್ದೂ ಸೇರಿ ಎಲ್ಲ ಹೇಳಿಕೊಂಡೆ. ಗಬ್ಬೂರಿನವರು, ರಿಟೈರ್ಡ್ ಟೀಚರ್.

“ನಾನೂ ಅಜ್ಜಿ ಮ್ಯಾಲೆ ಏನರ ಬರದು ಓದಿಬಿಡ್ಲೇನ್ರಿ?” ಎಂದೆ.

“ಓದ್ರಿ, ಯಾರು ಬ್ಯಾಡ ಅಂತಾರ? ಆದ್ರ ನೀವು ಅತ್ತಿದ್ದು ಅಜ್ಜಿಗಲ್ಲಲ್ರಿ” ಎಂದರು. ಹಾಸಿಗೆ ಕೊಡವುತ್ತ, “ನಂಗೂ ಆ ಮನ್ಯಾಗ ಒಂದೀಟು ಜಾಗಾ ಕೊಡ್ರಿ” ಎಂದರು.

ಓದಿದೆ. ಕೊನೆಯವರೆಗೂ ತಲೆ ಎತ್ತಲಿಲ್ಲ. ಚಪ್ಪಾಳೆ ಬಿತ್ತು. ಅದರಲ್ಲಿ ನಮ್ಮವರದೂ ಇತ್ತೋ ಇಲ್ಲವೋ, ನೋಡುವ ಧೈರ್ಯವಾಗಲಿಲ್ಲ.

ಸ್ಕೂಟರಿನ ಮೇಲೆ ಇಬ್ಬರೂ ವಾಪಸು ಹೊರಟೆವು. ಹೊಲಗಳ ಮೇಲೆ ಸಂಜೆಯ ಹಳದಿ ಬೆಳಕು. ನಾನು ಅವರ ಬೆನ್ನನ್ನೇ ನೋಡುತ್ತ ಕೂತಿದ್ದೆ. ಊರು ಹತ್ತಿರವಾದಾಗ ಅವರು ಸ್ಪೀಡು ತಗ್ಗಿಸಿದರು. ಹಿಂದೆ ತಿರುಗದೆ ಕೇಳಿದರು:

“ಮನಿ ಛಲೋ ಇತ್ತು. ಅದರ ಕೀಲಿಕೈ ನಿಂದೊಂದ ಐತೋ, ನನಗೂ ಒಂದ ಮಾಡಿಸೀಯೋ?”