ಬಿಸಿಗೆ ಹೋದ ಅಕ್ಷರ

ಕಾಗದ ಬಿಳಿಯಾದದ್ದು ಮಾಟದಿಂದಲ್ಲ, ಯಾರ ಕಣ್ಣು ತಾಗಿಯೂ ಅಲ್ಲ. ಆ ಪೆನ್ನು ಬಿಸಿ ತಡೆಯುವ ಜಾತಿಯದಲ್ಲ, ಬಿಸಿಗೆ ಕೊಟ್ಟವಳು ನಾನು. ನಡೆದದ್ದು ಇಷ್ಟೇ. ನನ್ನ ಸೊಸೆ ಆ ದಿನ ಬೇರೆ ಥರ ಹೇಳಿದಳು, ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಕಾಗುಣಿತವನ್ನು ಮೊಮ್ಮಗಳು ತಿದ್ದಿದ್ದಾಳೆ.

ಸಕಲೇಶಪುರದ ಹತ್ತಿರ ಒಂದು ಎಸ್ಟೇಟಿನ ಆಫೀಸು ಗುಡಿಸುವುದು ನನ್ನ ಕೆಲಸ. ಮೊದಲು ಅಲ್ಲಿ ಲೆಕ್ಕ ಬರೆಯುವ ಒಬ್ಬರು ರೈಟರ್ ಕೂರುತ್ತಿದ್ದರು. ಅವರ ಮೇಜಿನ ಮೇಲೆ ಇದ್ದದ್ದು ದಾರ ಕಟ್ಟಿದ ಪೆನ್ನು, ಚೀಟಿ ಚುಚ್ಚಿಡುವ ಕಂಬಿ, ಒಣಗಿದ ಗೋಂದಿನ ಬಾಟಲಿ. ಗೋಂದು ಬರದಿದ್ದರೆ ಊಟದ ಡಬ್ಬಿಯಿಂದ ಎರಡು ಅಗುಳು ಅನ್ನ ತೆಗೆದು ಲಕೋಟೆ ಅಂಟಿಸುತ್ತಿದ್ದರು. ಜಿರಲೆ ತಿನ್ನುವ ತನಕ ಅದು ಬಿಡುತ್ತಿರಲಿಲ್ಲ.

ಅವರು ಕೆಲಸ ಬಿಟ್ಟ ಮೇಲೆ ಎಸ್ಟೇಟಿನ ಸಾಹುಕಾರರ ಮಗಳು, ನಾವು ಚಿಕ್ಕಮ್ಮೋರು ಎನ್ನುವವರು, ಆಫೀಸು ನೋಡಿಕೊಳ್ಳತೊಡಗಿದರು. ಮೇಜು ತುಂಬಿಹೋಯಿತು. ಪೆನ್ನು ನಿಲ್ಲಿಸಲು ಪಾಪಾಸುಕಳ್ಳಿಯ ಆಕಾರದ ಡಬ್ಬಿ. ಹೊಟ್ಟೆಯೊಳಗೆ ಅಯಸ್ಕಾಂತ ಇಟ್ಟುಕೊಂಡ ಒಂದು ಮುಳ್ಳುಹಂದಿ, ಅದರ ಬೆನ್ನಿಗೆ ಕ್ಲಿಪ್ಪುಗಳನ್ನು ಸುರಿದರೆ ಮುಳ್ಳಿನ ಹಾಗೆ ನಿಲ್ಲುತ್ತಿದ್ದವು. ಟೇಪು ಕತ್ತರಿಸಲು ಒಂದು ಬಸವನಹುಳು. ಎಲೆಯ ಆಕಾರದ ಅಂಟುಚೀಟಿಗಳನ್ನು ಗೋಡೆ ತುಂಬ ಮೆತ್ತಿದ್ದರು. ಮೊದಲ ದಿನ ಕಸ ಎಂದುಕೊಂಡು ಅರ್ಧ ಕಿತ್ತು ಹಾಕಿದೆ. ಬೈಯಲಿಲ್ಲ, ಮತ್ತೆ ಬರೆದು ಅಂಟಿಸಿದರು.

ಒಂದು ದಿನ ಅಂಗೈಯಷ್ಟು ದೊಡ್ಡ, ಬ್ಯಾಟರಿ ಹಾಕಿದ ಕೆಂಪು ಹುಳವನ್ನು ಮೇಜಿನ ಮೇಲೆ ಓಡಿಸಿದರು. ಅದು ಗುರ್ ಎಂದು ಬಿಸ್ಕತ್ತಿನ ಪುಡಿಯನ್ನೆಲ್ಲ ಎಳೆದುಕೊಂಡಿತು.

"ಇದೇನ್ ಚಿಕ್ಕಮ್ಮೋರೆ, ನನ್ ಕೆಲ್ಸಕ್ಕೆ ಹುಳ ಇಟ್ಕಂಡ್ರಾ?"

"ಅಜ್ಜಿ, ಇದು ಮೇಜು ಮಾತ್ರ ಗುಡಿಸುತ್ತೆ. ನೆಲ ನಿಮ್ದೇ."

"ಹಂಗಾದ್ರೆ ಸರಿ. ನೆಲಕ್ಕೆ ಹೆಬ್ಬಾವು ತಂದ್ ಬಿಟ್ಟೀರಾ ಮತ್ತೆ."

ಕಳ್ಳಿಯ ಡಬ್ಬಿಯಲ್ಲಿ ಒಂದು ಪೆನ್ನು ಇತ್ತು. ಬರೆದು, ಅದರ ಬಾಲದಿಂದ ಉಜ್ಜಿದರೆ ಅಕ್ಷರ ಮಾಯ. ನನಗೂ ತೋರಿಸಿದ್ದರು. ಬರೆದು ಅಳಿಸುವುದಕ್ಕಿಂತ ಯೋಚಿಸಿ ಬರೆಯಬಹುದಲ್ಲ ಅಂದುಕೊಂಡೆ. ಯಾಕೆ ಅಳಿಸಿಹೋಗುತ್ತದೆ ಎಂದು ಕೇಳಲಿಲ್ಲ.

ನನ್ನ ಸೊಸೆ ಅದೇ ಎಸ್ಟೇಟಿನಲ್ಲಿ ಆರು ವರ್ಷದಿಂದ ಕೂಲಿಯವರ ಲೈನ್ ಮನೆಗಳ ಮಕ್ಕಳಿಗೆ ಅಡುಗೆ ಮಾಡಿ ಹಾಕುತ್ತಿದ್ದಳು. ಪಾಳ್ಯದ ಕಡೆ ಒಂದು ಶಾಲೆಯ ಅಡುಗೆಮನೆಗೆ ಜನ ಬೇಕು ಎಂದು ಅವಳಿಗೆ ತಿಳಿಯಿತು. ಮಕ್ಕಳಿಗೆ ಅಡುಗೆ ಮಾಡಿದ ಅನುಭವ ಇದೆ ಎಂದು ಬರೆಸಿ ತರಬೇಕು, ಶುಕ್ರವಾರ ಸಂಜೆ ನಾಲ್ಕರೊಳಗೆ. ನಾನು ಬೇಡ ಎಂದೆ. ಮಗ ಲಾರಿ ಓಡಿಸುವವನು, ಮನೆಯಲ್ಲಿ ಇರುವುದು ಕಡಿಮೆ. ಸೊಸೆಯೂ ಏಳರ ಬಸ್ಸಿಗೆ ಹೊರಟರೆ ಬೆಳಗಿನ ಒಲೆ ನನ್ನ ಪಾಲಿಗೆ ಬೀಳುತ್ತದೆ. ಕಾರಣ ಅದೇ. ಅದನ್ನು ನಾನು ಮುಚ್ಚಿಡಲೂ ಇಲ್ಲ. ಅವಳು ನನ್ನ ಮಾತು ಕೇಳಲೂ ಇಲ್ಲ.

ಶುಕ್ರವಾರ ಬೆಳಗ್ಗೆ ಚಿಕ್ಕಮ್ಮೋರು ಕೈಗೆ ಸಿಕ್ಕ ಪೆನ್ನಿನಲ್ಲಿ ಅರ್ಧ ಪುಟ ದುಂಡಗೆ ಬರೆದು, ಸೀಲು ಒತ್ತಿ ಕೊಟ್ಟು, ಕಾರು ಹತ್ತಿ ಮಂಗಳೂರಿಗೆ ಹೊರಟರು. ನಾನೂ ಸೊಸೆಯೂ ಸಕಲೇಶಪುರದ ಒಂದು ಜೆರಾಕ್ಸ್ ಅಂಗಡಿಗೆ ಬಂದೆವು.

ನಮ್ಮ ಕಡೆ ಕಾಗದವನ್ನು ಹಾಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ರೇಷನ್ ಕಾರ್ಡು, ಅಂಕಪಟ್ಟಿ, ಸತ್ತ ಗಂಡನ ಫೋಟೋ, ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಸುತ್ತೇವೆ.

"ಮೊದ್ಲು ಲ್ಯಾಮಿನೇಷನ್ ಮಾಡ್ಸು" ಎಂದೆ.

"ಜೆರಾಕ್ಸ್ ತೆಗ್ಸಿ ಆಮೇಲ್ ಮಾಡ್ಸಾಣ ಅತ್ತೆ."

"ಜೆರಾಕ್ಸ್ ಎಲ್ಲಿಗ್ ಓಡೋಯ್ತದೆ? ನಿನ್ ಬೆವ್ರು ಕೈಲಿ ಅರ್ಧ ಅಕ್ಷರ ಹೋಗ್ಬುಡ್ತವೆ, ಕೊಡು ಇಲ್ಲಿ."

ಕಿತ್ತುಕೊಂಡು ನಾನೇ ಕೊಟ್ಟೆ. ಕಾಗದ ಯಂತ್ರದ ಒಂದು ಬದಿಯಿಂದ ಒಳಗೆ ಹೋಗಿ ಇನ್ನೊಂದು ಬದಿಯಿಂದ ಬೆಚ್ಚಗೆ ಹೊರಗೆ ಬಂತು. ಬರಹ ಇರಲಿಲ್ಲ. ಕೆಳಗೆ ನೇರಳೆ ಬಣ್ಣದ ಸೀಲು ಮಾತ್ರ ಇತ್ತು. ಒಪ್ಪಿಗೆ ಇದೆ, ಯಾವುದಕ್ಕೆ ಎಂದಿಲ್ಲ.

ಅಂಗಡಿಯವನು ಬಗ್ಗಿ ಯಂತ್ರದ ಅಡಿಯಲ್ಲಿ ನೋಡಿದ, ಅಕ್ಷರ ಕೆಳಗೆ ಉದುರಿವೆಯೋ ಎನ್ನುವ ಹಾಗೆ. "ಅಜ್ಜಿ, ನೀವ್ ಕೊಟ್ಟಿದ್ದೇ ಖಾಲಿ ಕಾಗ್ದ."

"ಖಾಲಿ ಕಾಗ್ದಕ್ಕೆ ಪ್ಲಾಸ್ಟಿಕ್ ಹೊದಿಸೋಕೆ ನಂಗೇನ್ ಹುಚ್ಚೇನೋ? ಕಣ್ ಬಿಟ್ಕಂಡ್ ಈಸ್ಕಳಾದಲ್ವಾ ಮಾರಾಯ?"

ಸೊಸೆ ಅವನ ಕಡೆ ನೋಡಲೇ ಇಲ್ಲ. ನನ್ನ ಕಡೆ ತಿರುಗಿದಳು.

"ಈಗ್ ಸಮಾಧಾನ ಆಯ್ತಾ ಅತ್ತೆ?"

"ಏನೇ ಹಂಗಂದ್ರೆ?"

"ನಾನ್ ಹೋಗ್ಬಾರ್ದು ಅಂತ ಇತ್ತಲ್ಲ ನಿಮ್ಗೆ. ಹೋಗಲ್ಲ ಬಿಡಿ. ಒಲೆ ಮುಂದೇನೇ ಕೂತಿರ್ತೀನಿ."

ಬೇಡ ಎಂದಿದ್ದು ನಿಜ. ಬೇಡ ಎಂದವಳೇ ಕಾಗದ ಕಿತ್ತುಕೊಂಡು ಕೊಟ್ಟದ್ದೂ ನಿಜ. ಅವಳ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಆಗ ಗಂಟೆ ಹನ್ನೆರಡು.

ಚಿಕ್ಕಮ್ಮೋರಿಗೆ ಫೋನು ಹಚ್ಚಿಸಿದೆ. ಅವರ ಕಾರು ಮಂಗಳೂರು ದಾರಿಯ ದೋಣಿಗಲ್ಲಿನಲ್ಲಿ ಲಾರಿಗಳ ಸಾಲಿನ ಮಧ್ಯೆ ನಿಂತಿತ್ತು.

"ಅಯ್ಯೋ ಅಜ್ಜಿ, ಆ ಪೆನ್ನಲ್ಲಿ ಬರೆದ್ಬಿಟ್ನಾ? ಅದರ ಇಂಕು ಬಿಸಿಗೆ ಹೋಗ್ಬಿಡುತ್ತೆ. ತಪ್ಪು ನಂದೇ. ಚೆನ್ನಾಗಿ ಕೊರೆಯೋ ಕಡೆ ಇಟ್ರೆ ವಾಪಸ್ ಬರುತ್ತಂತೆ. ಫ್ರೀಜರಲ್ಲಿ ಇಡಿ."

"ಫ್ರಿಜ್ಜಾ?"

"ಫ್ರಿಜ್ಜು ಸಾಲಲ್ಲ. ಐಸ್‌ಕ್ರೀಂ ಇಡ್ತಾರಲ್ಲ, ಅಂಥದ್ದು. ನಾನೇ ಬರೋಣ ಅಂದ್ರೆ ಗಾಡಿ ತಿರುಗಿಸೋಕೂ ಜಾಗ ಇಲ್ಲ."

ಬಸ್ ಸ್ಟ್ಯಾಂಡಿನ ಹತ್ತಿರದ ಬೇಕರಿಗೆ ಹೋದೆ. ಸೊಸೆ ನಾಲ್ಕು ಹೆಜ್ಜೆ ಹಿಂದೆ ಬಂದಳು.

"ಯಾವ್ ಐಸ್‌ಕ್ರೀಂ ಅಜ್ಜಿ?" ಎಂದ ಬೇಕರಿಯವನು.

"ಐಸ್‌ಕ್ರೀಂ ಬ್ಯಾಡ. ಈ ಕಾಗ್ದ ಒಂದ್ ಗಂಟೆ ಆ ಪೆಟ್ಗೆ ಒಳ್ಗೆ ಇಡು."

"ಯಾಕೆ, ಕಾಗ್ದಕ್ಕೆ ಜ್ವರ ಬಂದೈತಾ?"

"ಬಂದೈತೆ. ಇಡು."

ಇಟ್ಟ. ನಾವು ಎರಡು ಬನ್ನು ತೆಗೆದುಕೊಂಡು ಬೇರೆ ಬೇರೆ ಬೆಂಚಿನಲ್ಲಿ ಕೂತೆವು. ಅವಳು ಬನ್ನು ಮುಟ್ಟಲಿಲ್ಲ. ನಾನು ತಿಂದೆ, ಹಸಿವಾಗಿತ್ತು.

ಗಂಟೆ ಆಗುವ ಮೊದಲೇ ಬೇಕರಿಯವನು ತಡೆಯಲಾರದೆ ಅದನ್ನು ತೆಗೆದು ನೋಡಿದ. ಮೇಲಿನ ಹಿಮವನ್ನು ತೋಳಿನಿಂದ ಒರೆಸಿ, "ಅಯ್ಯಯ್ಯೋ, ಐತೆ ಕಣಜ್ಜಿ!" ಎಂದು ಕೂಗಿದ. ಅಕ್ಷರಗಳು ತೆಳ್ಳಗೆ, ನೀರಲ್ಲಿ ಮುಳುಗಿದವರ ಹಾಗೆ ಮೇಲೆ ಬಂದಿದ್ದವು. ಅವನು ಅಂಗಡಿಯಲ್ಲಿದ್ದ ಎಲ್ಲರಿಗೂ ಕೇಳುವಂತೆ ಓದಿದ. "ಈ ಹೆಂಗಸು ಆರು ವರ್ಷದಿಂದ ಮಕ್ಕಳಿಗೆ ಶುಚಿಯಾಗಿ, ರುಚಿಯಾಗಿ, ತಾಳ್ಮೆಯಿಂದ..."

"ತಾಳ್ಮೆ ಅನ್ನಾದ್ ಸುಳ್ಳು" ಎಂದೆ.

ಸೊಸೆ ನಗಬಾರದು ಎಂದು ಮುಖ ತಿರುಗಿಸಿದಳು. ಭುಜ ಅಲುಗುತ್ತಿತ್ತು.

ಜೆರಾಕ್ಸ್ ಅಂಗಡಿಯವನು ಅದನ್ನು ಮತ್ತೆ ಯಂತ್ರಕ್ಕೆ ಕೊಡಲು ಹೆದರಿದ. ಮೊಬೈಲಿನಲ್ಲಿ ಫೋಟೋ ಹೊಡೆದು ಪ್ರಿಂಟು ತೆಗೆದುಕೊಟ್ಟ. ಎರಡನ್ನೂ ಹಿಡಿದು ಬಸ್ಸು ಹತ್ತಿದೆವು. ಶಾಲೆ ಮುಟ್ಟುವಾಗ ನಾಲ್ಕಕ್ಕೆ ಇನ್ನೂ ಸ್ವಲ್ಪ ಇತ್ತು.

ಹೆಡ್‌ಮೇಡಂ ಕಾಗದವನ್ನು ಬೆಳಕಿಗೆ ಹಿಡಿದು, "ಯಾಕೆ ಇಷ್ಟು ಮಾಸಲು?" ಎಂದರು. ಸೊಸೆ ಬಾಯಿ ತೆರೆಯುವ ಮೊದಲೇ ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ, ಕಿತ್ತುಕೊಂಡದ್ದನ್ನೂ ಸೇರಿಸಿ. ಅವರು ನಕ್ಕು ಪ್ರಿಂಟನ್ನು ಫೈಲಿಗೆ ಹಾಕಿದರು. "ನಾಳೆ ಬಂದು ಅಡುಗೆ ಮಾಡಿ. ಮಕ್ಕಳು ಊಟ ಮಾಡಿದ್ರೆ ಕೆಲಸ ನಿಮ್ದೇ. ಆಮೇಲೆ ಈ ಕಾಗದ ಯಾರು ನೋಡ್ತಾರೆ?"

ಅಷ್ಟಕ್ಕೆ ಇಷ್ಟೆಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನನ್ನ ಪಕ್ಕದಲ್ಲೇ ಕೂತಳು. "ಬೇಕಂತ ಮಾಡ್ಲಿಲ್ಲ ತಾನೆ ಅತ್ತೆ?" ಎಂದಳು.

"ಬೇಕಂತ ಮಾಡಾದಾಗಿದ್ರೆ ಒಲೆಗೇ ಹಾಕ್ತಿದ್ದೆ ಕಣೇ. ಸಕಲೇಶಪುರದ ಗಂಟ ಹೊತ್ಕಂಡ್ ಯಾಕ್ ಬರ್ತಿದ್ದೆ?"

ನಂಬಿದಳೋ ಇಲ್ಲವೋ ಗೊತ್ತಿಲ್ಲ. ಕೇಳಲಿಲ್ಲ.

ಮಾರನೆಯ ಬೆಳಗ್ಗೆ ಅವಳಿಗಿಂತ ಮೊದಲು ಎದ್ದು ಒಲೆ ಹಚ್ಚಿದೆ. ಅಕ್ಕಿ ರೊಟ್ಟಿ ತಟ್ಟಿದೆ. ಅಭ್ಯಾಸ ತಪ್ಪಿತ್ತು, ಮೊದಲೆರಡು ಹರಿದವು, ಅವನ್ನು ನಾನು ತಿಂದೆ. ಅವಳು ಏಳರ ಬಸ್ಸಿಗೆ ಹೋದ ಮೇಲೆ ಮೊಮ್ಮಗಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿ, ಅರ್ಧ ಗಂಟೆ ತಡವಾಗಿ ಆಫೀಸು ಗುಡಿಸಲು ಹೋದೆ.